ಸೀನಿರಿ, ಆದರೆ ರಾಶಿಯ ಮೇಲೆ ಬೇಡ

ಕಳೆದ ಸಂಚಿಕೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಒಂದು ಕಟ್ಟು ಪತ್ರ ಬಂದಿವೆ. ಹೊಸ ಓದುಗರಿಗೆ ಹೇಳಿಬಿಡುತ್ತೇನೆ: ನಾನು ಆ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ 22 ವರ್ಷ ಗುಮಾಸ್ತನಾಗಿದ್ದವನು. ಈಗ ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಪೇಟೆ ಬಿಟ್ಟು ಬಹಳ ವರ್ಷವಾಯಿತು, ಮೂಗು ಮಾತ್ರ ಇನ್ನೂ ಅಲ್ಲೇ ಇದೆ. ಈ ಸಲ ಬರೀ ಬ್ಯಾಡಗಿಯ ಪ್ರಶ್ನೆಗಳೇ ಇರಲಿ.

ಪ್ರಶ್ನೆ: ನಾವು ಗಂಡ, ಹೆಂಡತಿ, ಏಳು ವರ್ಷದ ಮಗಳು. ಬ್ಯಾಡಗಿ ಪೇಟೆ ನೋಡುವ ಆಸೆ. ಯಾವಾಗ ಹೋಗಬೇಕು? ಹೊರಗಿನವರನ್ನು ಒಳಗೆ ಬಿಡುತ್ತಾರಾ? ಎಲ್ಲಿ ಉಳಿಯಬೇಕು?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ಸೋಮವಾರ ಇಲ್ಲವೇ ಗುರುವಾರ ಹೋಗಿ. ಟೆಂಡರ್, ಅಂದರೆ ಖರೀದಿದಾರರು ದರ ಹಾಕಿ ಮಾಲು ಕೊಳ್ಳುವುದು, ನಡೆಯುವುದು ಆ ಎರಡು ದಿನ. ಹೊರಡುವ ಮೊದಲು ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಕಚೇರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಹಬ್ಬ ಬಂದರೆ ದಿನ ಬದಲಾಗುತ್ತದೆ. ಆವಕ ವಿಪರೀತವಾಗಿ, ಬಂದ ಮಾಲು ಎತ್ತುವುದೇ ಕಷ್ಟವಾದಾಗ ಒಂದು ಟೆಂಡರ್ ನಡೆಸದೇ ಬಿಡುವುದೂ ಉಂಟು. ಭರ್ತಿ ಸೀಸನ್ನಿನಲ್ಲಿ ಒಂದೇ ದಿನ ಬರುವ ಚೀಲಗಳು ಲಕ್ಷ ದಾಟುತ್ತವೆ ಎಂದರೆ ನೀವೇ ಲೆಕ್ಕ ಹಾಕಿ.

ಬೆಂಗಳೂರಿನಿಂದ 300 ಕಿ.ಮೀ. ಮೇಲಾಗುತ್ತದೆ. ಹುಬ್ಬಳ್ಳಿ ಕಡೆಯ ರೈಲಿನ ದಾರಿಯಲ್ಲೇ ಬ್ಯಾಡಗಿ ಸ್ಟೇಷನ್ ಇದೆ, ಆದರೆ ಎಲ್ಲ ರೈಲೂ ನಿಲ್ಲುವುದಿಲ್ಲ. ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಇಳಿದು ಬಸ್ಸು ಹಿಡಿಯುವುದು ಸುಲಭ. ಲಾಡ್ಜ್ ಬೇಕಾದರೂ ಆ ಎರಡು ಊರುಗಳೇ ಸರಿ. ಕಾರಿನಲ್ಲಿ ಬಂದರೆ ಹೆದ್ದಾರಿಯಲ್ಲಿ ಮೋಟೆಬೆನ್ನೂರಿನ ಹತ್ತಿರ ತಿರುಗಬೇಕು. ಬೋರ್ಡ್ ನೋಡದೇ ಇದ್ದರೂ ನಡೆಯುತ್ತದೆ. ಗಾಜು ಇಳಿಸಿದರೆ ಸಾಕು.

ಒಳಗೆ ಬಿಡುತ್ತಾರಾ ಎಂದು ಕೇಳಿದ್ದೀರಿ. ಟಿಕೆಟ್ಟಿಲ್ಲ, ಯಾರೂ ತಡೆಯುವುದಿಲ್ಲ. ಆದರೆ ಅದು ಜನ ದುಡಿಯುವ ಜಾಗ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಓಡುತ್ತಾ ಬರುತ್ತಾರೆ. ಅವರಿಗೆ ಕಾಣುವುದು ಎರಡು ಹೆಜ್ಜೆ ನೆಲ ಮಾತ್ರ. "ಸರೀರಿ, ಸರೀರಿ" ಎಂದು ಕೇಳಿದ ಕೂಡಲೇ ಸರಿಯಬೇಕು, ಯಾರಿಗೆ ಹೇಳಿದ್ದು ಎಂದು ತಿರುಗಿ ನೋಡುತ್ತಾ ನಿಲ್ಲಬಾರದು.

ಬೆಳಿಗ್ಗೆ ಎಂಟು, ಎಂಟೂವರೆಗೆ ಅಲ್ಲಿರಿ. ಲಾರಿ, ಟ್ರ್ಯಾಕ್ಟರುಗಳು ಹಿಂದಿನ ರಾತ್ರಿಯೇ ಬಂದಿರುತ್ತವೆ. ಬಹಳ ರೈತರು ತಮ್ಮ ಚೀಲಗಳ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿ ಎದ್ದವರು. ಬೆಳಕಾದ ಮೇಲೆ ಅಂಗಡಿಗಳ ಮುಂದೆ ಚೀಲ ಬಿಚ್ಚುತ್ತಾರೆ. ಪ್ರತಿ ರಾಶಿಯ ಮೇಲೂ ಲಾಟ್ ನಂಬರಿನ ಚೀಟಿ. ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಆ ಕೆಂಪು ನೋಡಬೇಕು. ಒಂದೇ ಕೆಂಪು ಅಂದುಕೊಳ್ಳಬೇಡಿ. ಒಂದು ರಾಶಿ ಇಟ್ಟಿಗೆಯ ಹಾಗೆ, ಪಕ್ಕದ್ದು ಕುಂಕುಮದ ಹಾಗೆ, ಅದರಾಚೆಯದು ಒಣಗಿದ ದ್ರಾಕ್ಷಿಯಂತೆ ಕಪ್ಪಿಗೆ ಹತ್ತಿರ.

ನೀವು ನಿಜವಾಗಿ ನೋಡಬೇಕಾದ್ದು ಖರೀದಿದಾರನ ಕೈ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಒಬ್ಬನನ್ನು ಹಿಡಿದು, ನಾಲ್ಕು ಹೆಜ್ಜೆ ದೂರದಿಂದ ಹತ್ತು ಲಾಟಿನ ತನಕ ಸುಮ್ನೆ ಅವನ ಹಿಂದೆ ನಡೆಯಿರಿ. ಅವನು ರಾಶಿಯ ಮೇಲಿನ ಕಾಯಿ ಮುಟ್ಟುವುದಿಲ್ಲ. ಮೊಣಕೈ ತನಕ ಕೈ ಇಳಿಸಿ ಒಳಗಿನಿಂದ ಒಂದು ಹಿಡಿ ತೆಗೆಯುತ್ತಾನೆ. ಮುಷ್ಟಿಯಲ್ಲಿ ಹಿಸುಕಿ ಬಿಡುತ್ತಾನೆ. ಹದವಾಗಿ ಒಣಗಿದ ಕಾಯಿ ಗರಗರ ಎಂದು ಮತ್ತೆ ಅರಳಿಕೊಳ್ಳುತ್ತದೆ. ನೀರು ಹೊಡೆದದ್ದಾದರೆ ಮುದ್ದೆಯಾಗಿ ಕೂತುಬಿಡುತ್ತದೆ. ತೂಕ ಬರಲಿ ಎಂದು ನೀರು ಚಿಮುಕಿಸುವವರು ಎಲ್ಲ ಕಾಲಕ್ಕೂ ಇದ್ದಾರೆ, ಆ ಕೈ ಇರುವುದೇ ಅವರಿಗಾಗಿ. ಆಮೇಲೆ ಒಂದು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಬೀಜದ ಸದ್ದು ಕೇಳಬೇಕು. ಉದ್ದಕ್ಕೆ ಸೀಳಿ ಒಳಗೆ ಬೂಸಲು ಹತ್ತಿದೆಯೇ ನೋಡುತ್ತಾನೆ. ಅಂಗೈಗೆ ತಿಕ್ಕಿ ಬಣ್ಣ ನೋಡುತ್ತಾನೆ. ಇಷ್ಟಕ್ಕೂ ಅರ್ಧ ನಿಮಿಷ ಹಿಡಿಯುವುದಿಲ್ಲ. ರೈತ ಆ ಅರ್ಧ ನಿಮಿಷವೂ ಅವನ ಮುಖವನ್ನೇ ನೋಡುತ್ತಾ ನಿಂತಿರುತ್ತಾನೆ. ಮುಖದಲ್ಲಿ ಏನೂ ಕಾಣುವುದಿಲ್ಲ. ಕಾಣದ ಹಾಗೆ ಇಟ್ಟುಕೊಳ್ಳುವುದು ಅವನ ಕಸುಬು.

ದರವನ್ನು ಅವನು ಕೂಗಿ ಹೇಳುವುದಿಲ್ಲ. ಈಗೆಲ್ಲ ಕಂಪ್ಯೂಟರಿನಲ್ಲಿ ಹಾಕುತ್ತಾರೆ, ಮಧ್ಯಾಹ್ನ ಯಾವ ಲಾಟು ಯಾರಿಗೆ ಎಷ್ಟಕ್ಕೆ ಎಂದು ಪಟ್ಟಿ ಬರುತ್ತದೆ. ನನ್ನ ಕಾಲದಲ್ಲಿ ಚೀಟಿ ಬರೆದು ಡಬ್ಬಿಗೆ ಹಾಕುತ್ತಿದ್ದರು. ಒಬ್ಬ ಖರೀದಿದಾರರು ಬರೆದ '1' ಥೇಟ್ '7'ರ ಹಾಗೆ ಕಾಣುತ್ತಿತ್ತು. ಅವರ ಚೀಟಿ ಬಂತೆಂದರೆ ಮೂವರು ಗುಮಾಸ್ತರು ತಲೆಗೆ ತಲೆ ಸೇರಿಸಿ ಓದುತ್ತಿದ್ದೆವು.

ಇನ್ನು ಮಗಳ ವಿಷಯ. ಉಬ್ಬಸ ಇದ್ದರೆ ಕರೆತರಲೇಬೇಡಿ. ಇಲ್ಲದಿದ್ದರೆ ಮೂಗಿಗೆ ಒಂದು ಒದ್ದೆ ಕರವಸ್ತ್ರ ಕಟ್ಟಿ, ಒಂದು ಗಂಟೆಯಲ್ಲಿ ಹೊರಗೆ ಬನ್ನಿ. ಸೀನು ಬಂದೇ ಬರುತ್ತದೆ. ನಿಮಗೂ ಬರುತ್ತದೆ, ನಾಚಿಕೊಳ್ಳಬೇಡಿ. ರಾಶಿಯ ಕಡೆಯಿಂದ ಮುಖ ತಿರುಗಿಸಿ ಸೀನಿ, ಅಷ್ಟೇ. ಬ್ಯಾಡಗಿ ಕಾಯಿ ಖಾರ ಕಡಿಮೆ ಎಂದು ನಂಬಿ ಕಣ್ಣುಜ್ಜಿಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕೈ ಉರಿದರೆ ಮೊದಲು ನೀರಿಗೆ ಓಡಬೇಡಿ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಯಾವುದಾದರೂ ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಒಂದು ಪುಟ್ಟ ಬಾಟಲಿ ಬ್ಯಾಗಿನಲ್ಲಿ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಅವತ್ತು ಕನ್ನಡಕವೇ ಸರಿ.

ಪ್ರಶ್ನೆ: ಪೇಟೆಗೇ ಬಂದು ರೈತರ ಹತ್ತಿರ ನೇರವಾಗಿ ಐದು ಕಿಲೋ ಕೊಂಡರೆ ಅಗ್ಗವಾಗುತ್ತದಲ್ಲವಾ? ನಮಗೆ ಗಸಿಗೆ, ಸಾಂಬಾರಿಗೆ ವರ್ಷವಿಡೀ ಬ್ಯಾಡಗಿಯೇ ಬೇಕು. ಒಳ್ಳೆಯದು ಗುರುತಿಸುವುದು ಹೇಗೆ?
— ಒಬ್ಬ ಓದುಗರು, ಉಡುಪಿ

ಉತ್ತರ: ತಾಯಿ, ಆ ರಾಶಿ ಟೆಂಡರಿಗೆ ಇಟ್ಟದ್ದು. ನಂಬರು ಬಿದ್ದ ಲಾಟಿನಿಂದ ಐದು ಕಿಲೋ ಎತ್ತಿ ಕೊಡಿ ಎಂದರೆ ರೈತನಿಗೂ ಮುಜುಗರ, ದಲಾಲರಿಗೂ ತಲೆಬಿಸಿ. ಊರೊಳಗೆ ಚಿಲ್ಲರೆ ಅಂಗಡಿಗಳಿವೆ, ಅಲ್ಲಿ ಕೊಳ್ಳಿ. ಪೇಪರಿನ ದರಕ್ಕಿಂತ ಜಾಸ್ತಿ ಕೇಳಿದರೆ ಮೋಸ ಎಂದುಕೊಳ್ಳಬೇಡಿ. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುವ ಗರಿಷ್ಠ ದರ ಅವತ್ತು ಒಂದೋ ಎರಡೋ ಲಾಟಿಗೆ ಸಿಕ್ಕದ್ದು. ಕನಿಷ್ಠ ದರದಲ್ಲಿ ಹೋದದ್ದು ನಿಮಗೆ ಬೇಡದ ಮಾಲು. ಇವೆರಡರ ನಡುವೆ ಇರುವುದೇ ಪೇಟೆ.

ಅಂಗಡಿಯಲ್ಲಿ ಮೊದಲು ಕಡ್ಡಿಯೋ ಡಬ್ಬಿಯೋ ಕೇಳಿ. ಕಡ್ಡಿ ಉದ್ದ, ತೆಳು, ಮೈತುಂಬಾ ನೆರಿಗೆ, ಬೀಜ ಕಡಿಮೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ, ಬಣ್ಣವೂ ಗಾಢ, ಸಾಮಾನ್ಯವಾಗಿ ದರವೂ ಮೇಲೆ. ಪೇಟೆಯ ದರಪಟ್ಟಿಯಲ್ಲಿ ಮೂರನೆಯದೊಂದು 'ಗುಂಟೂರು' ಎಂದಿರುತ್ತದೆ. ಅದು ಖಾರಕ್ಕೆ, ನಿಮ್ಮ ಗಸಿಗಲ್ಲ. ಇವುಗಳ ಜೊತೆಗೆ ಹೈಬ್ರಿಡ್ ಕಾಯಿಗಳೂ ಬರುತ್ತವೆ. ನೋಡಲು ಚಂದ, ಇಳುವರಿ ಜಾಸ್ತಿ. ಮೈ ನುಣುಪಾಗಿ, ಎಲ್ಲ ಕಾಯಿಯೂ ಒಂದೇ ಅಳತೆಗೆ ಕತ್ತರಿಸಿದಂತಿದ್ದರೆ ನನಗೆ ಅನುಮಾನ ಬರುತ್ತದೆ. ಹಳೆಯ ಬ್ಯಾಡಗಿ ಕಾಯಿ ಮುದುಕನ ಮುಖದ ಹಾಗೆ ಸುಕ್ಕುಸುಕ್ಕಾಗಿ, ಒಂದರಂತೆ ಒಂದಿರುವುದಿಲ್ಲ.

ಹೊಳಪಿಗೂ ಮರುಳಾಗಬೇಡಿ. ಕೆಲವರು ಎಣ್ಣೆ ಸವರುತ್ತಾರೆ. ಬಿಳಿ ಕಾಗದದೊಳಗೆ ನಾಲ್ಕು ಕಾಯಿ ಇಟ್ಟು ಒತ್ತಿ, ಕಲೆ ಬಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ತೊಟ್ಟಿನ ಬುಡದಲ್ಲಿ ಬೆಳ್ಳಗೆ ಏನಾದರೂ ಕಂಡರೆ ಒಂದನ್ನು ಸೀಳಿ ನೋಡಿ. ಕಾಯಿ ಬಗ್ಗಿಸಿದರೆ ಸ್ವಲ್ಪ ಬಗ್ಗಿ ಆಮೇಲೆ ಪಟ್ ಎನ್ನಬೇಕು. ಬಗ್ಗುತ್ತಲೇ ಹೋದರೆ ಹಸಿ, ಮುಟ್ಟಿದ ಕೂಡಲೇ ಪುಡಿಯಾದರೆ ಬಿಸಿಲು ತಿಂದದ್ದು. ಪುಡಿಯನ್ನಂತೂ ಅಲ್ಲಿ ಕೊಳ್ಳಲೇಬೇಡಿ. ಕಾಯಿ ಕೊಂಡು, ಖಾರ ಕುಟ್ಟುವ ಗಿರಣಿಗೆ ಹಾಕಿಸಿ, ಎದುರಿಗೆ ನಿಂತು ಸೀನುತ್ತಾ ಕುಟ್ಟಿಸಿಕೊಳ್ಳಿ.

ಮನೆಗೆ ಒಯ್ದ ಮೇಲೆ ದಿನಗಟ್ಟಲೆ ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಎರಡು ತಾಸು ಬಿಸಿಲಲ್ಲಿ ಕಾಯಿಸಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಫ್ರಿಜ್ಜಿನಲ್ಲಿ ಜಾಗವಿದ್ದರೆ ಇನ್ನೂ ಒಳ್ಳೆಯದು. ಬ್ಯಾಡಗಿಯಲ್ಲಿ ಇಷ್ಟೊಂದು ಕೋಲ್ಡ್ ಸ್ಟೋರೇಜುಗಳು ಎದ್ದಿರುವುದೂ ಇದೇ ಕಾರಣಕ್ಕೆ.

ಅಂದ ಹಾಗೆ, ನಿಮ್ಮ ಕಡೆ ಬರೀ 'ಮೆಣಸು' ಅಂದರೆ ಇದೇ. ಕರಿಮೆಣಸಿಗೆ ಒಳ್ಳೆಮೆಣಸು ಅನ್ನುತ್ತೀರಿ. ನಮ್ಮ ಅಂಗಡಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಕರಾವಳಿಯ ವ್ಯಾಪಾರಿಯೊಬ್ಬರ ಫೋನ್ ಎತ್ತಿದ. "ಹತ್ತು ಚೀಲ ಮೆಣಸು ಕಳಿಸಿ" ಎಂದರಂತೆ. ಇವನು "ಅದು ಶಿರಸಿ ಕಡೆ ಸಿಗ್ತದ್ರೀ, ಇಲ್ಲಿ ಬರೇ ಮೆಣಸಿನಕಾಯಿ" ಎಂದು ಹೇಳಿ ಇಟ್ಟುಬಿಟ್ಟ. ಮಾಲೀಕರು ಆ ವ್ಯಾಪಾರಿಯನ್ನು ಸಮಾಧಾನ ಮಾಡಲು ಮೂರು ಸಲ ಫೋನ್ ಮಾಡಬೇಕಾಯಿತು.

ಪ್ರಶ್ನೆ: ನಿಮ್ಮ ಮಾತು ಕೇಳಿ ಆಗಸ್ಟಿನ ಒಂದು ಬುಧವಾರ ಹೋಗಿದ್ದೆ. ಖಾಲಿ ಕಟ್ಟೆ, ನಾಲ್ಕು ನಾಯಿ. ಸುತ್ತ ಹೊಲಗಳಲ್ಲೂ ಮೆಣಸಿನಗಿಡ ಕಾಣಲಿಲ್ಲ. ಇದೇನಾ ನಿಮ್ಮ ಜಗತ್ಪ್ರಸಿದ್ಧ ಪೇಟೆ?
— ಒಬ್ಬ ಓದುಗರು, ಹಾಸನ

ಉತ್ತರ: ಜಗತ್ಪ್ರಸಿದ್ಧ ಎಂದು ನಾನು ಬರೆದಿರಲಿಲ್ಲ ಸ್ವಾಮಿ. ಆದರೂ ತಪ್ಪು ನನ್ನದೇ. ತಿಂಗಳು, ವಾರ ಎರಡನ್ನೂ ಬರೆಯಬೇಕಿತ್ತು.

ಆಗಸ್ಟಿನಲ್ಲಿ ಕಾಯಿ ಇನ್ನೂ ಹೊಲದಲ್ಲಿ ಗಿಡವಾಗಿರುತ್ತದೆ. ಆ ಹೊಲಗಳೂ ಬ್ಯಾಡಗಿಯಲ್ಲಿ ಕಡಿಮೆ. ಹಾವೇರಿ ಜಿಲ್ಲೆಯಲ್ಲಿ ಈಗ ಎಲ್ಲಿ ನೋಡಿದರೂ ಗೋವಿನಜೋಳ. ಊರಿನ ಹೆಸರು ಹೊತ್ತ ಕಾಯಿ ಬರುವುದು ಕುಂದಗೋಳ, ಅಣ್ಣಿಗೇರಿ, ಗದಗ, ಬಳ್ಳಾರಿ, ರಾಯಚೂರು ಕಡೆಯಿಂದ. ಆಂಧ್ರದ ಕರ್ನೂಲು, ಆದೋನಿಯಿಂದಲೂ ಲಾರಿಗಳು ಬರುತ್ತವೆ. ಕಪ್ಪು ಮಣ್ಣು, ಮಳೆ ನಂಬಿದ ಬೆಳೆ. ಬಹಳ ಕಡೆ ಉಳ್ಳಾಗಡ್ಡಿ, ಹತ್ತಿ ಜೊತೆಗೇ ಬೆಳೆಯುತ್ತಾರೆ. ಮೂರರಲ್ಲಿ ಒಂದಾದರೂ ಕೈ ಹಿಡಿಯಲಿ ಎಂಬ ಲೆಕ್ಕ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಹೆಸರು ಊರಿನದಾದರೂ ಬೆವರು ಬೇರೆ ಊರುಗಳದ್ದು ಎಂದು ಕುಂದಗೋಳದವರು ನನ್ನನ್ನು ಚುಡಾಯಿಸುತ್ತಿದ್ದರು.

ಅವತ್ತು ನೀವು ಕಟ್ಟೆ ನೋಡಿ ಬೇಜಾರಾಗಿ ವಾಪಸ್ಸು ಹೋಗುವ ಬದಲು ಒಂದೆರಡು ಬೀದಿ ಸುತ್ತಬೇಕಿತ್ತು. ಕೋಲ್ಡ್ ಸ್ಟೋರೇಜಿನಿಂದ ತೆಗೆದ ಕಾಯಿಗೆ 'ಎಸಿ ಮಾಲು' ಎನ್ನುತ್ತಾರೆ. ಗೋದಾಮುಗಳಲ್ಲಿ ಹೆಂಗಸರು ಸಾಲಾಗಿ ಕೂತು ಅದರ ತೊಟ್ಟು ಬಿಡಿಸುತ್ತಿರುತ್ತಾರೆ. ತಲೆಗೆ, ಬಾಯಿಗೆ ಸೀರೆಯ ಸೆರಗು ಬಿಗಿದಿರುತ್ತದೆ, ಕಣ್ಣು ಮಾತ್ರ ಕಾಣುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ಬೆರಳು ನಿಲ್ಲುವುದಿಲ್ಲ. ಮಾತೂ ನಿಲ್ಲುವುದಿಲ್ಲ. ಪೇಟೆಯ ಸುದ್ದಿ ದಲಾಲರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಯಿಂದ ಲಿಪ್‌ಸ್ಟಿಕ್ ಮಾಡುತ್ತಾರಂತೆ, ನಿಜವಾ? ತುಟಿ ಉರಿಯಲ್ವಾ?
— ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಉರಿಯಲ್ಲಮ್ಮಾ. ಕಾಯಿಯನ್ನು ಅರೆದು ತುಟಿಗೆ ಹಚ್ಚುವುದಿಲ್ಲ. ಅದರಿಂದ ಓಲಿಯೋರೆಸಿನ್ ಎಂಬ ಗಟ್ಟಿ ಎಣ್ಣೆಯಂಥದ್ದು ತೆಗೆಯುತ್ತಾರೆ. ಬಣ್ಣದ ಅಂಶ ಬೇರೆ, ಖಾರದ ಅಂಶ ಬೇರೆ, ಎರಡನ್ನೂ ಬಿಡಿಸಬಹುದು. ಆ ಬಣ್ಣ ಹೆಚ್ಚಾಗಿ ಹೋಗುವುದು ತಿಂಡಿ, ಸಾಸು, ಮಾಂಸದ ಪದಾರ್ಥಗಳಿಗೆ. ಸೌಂದರ್ಯ ಸಾಧನಗಳಿಗೂ ಹೋಗುತ್ತದೆ. ಬಣ್ಣವನ್ನು ಪ್ರಯೋಗಾಲಯದಲ್ಲಿ ಅಳೆದು 'ಆಸ್ಟಾ' ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಖರೀದಿದಾರರು ಅಂಗೈಗೆ ತಿಕ್ಕಿ ಹೇಳುತ್ತಿದ್ದರು.

ಪ್ರಶ್ನೆ: ಪೇಟೆ ಬಿಟ್ಟರೆ ಸುತ್ತಮುತ್ತ ನೋಡುವಂಥದ್ದು ಏನಿದೆ? ಊಟಕ್ಕೆ ಏನು ಸಿಗುತ್ತದೆ?
— ಒಬ್ಬ ಓದುಗರು, ಮೈಸೂರು

ಉತ್ತರ: ಕಾಗಿನೆಲೆ ಅದೇ ತಾಲ್ಲೂಕಿನಲ್ಲಿದೆ. ಕನಕದಾಸರ ಅಂಕಿತದಲ್ಲಿರುವ 'ಕಾಗಿನೆಲೆಯಾದಿಕೇಶವ' ಇದ್ದ ಊರು. ಪೇಟೆಯ ಗಲಾಟೆ ಮುಗಿಸಿ ಸಂಜೆಗೆ ಹೋಗಿ. ಮೋಟೆಬೆನ್ನೂರಿನಲ್ಲಿ ಬರೀ ತಿರುವು ನೋಡಿ ತಿರುಗಬೇಡಿ, ಅದು ಮೈಲಾರ ಮಹಾದೇವಪ್ಪನವರ ಊರು. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹಾವೇರಿಯಲ್ಲಿ ಸಿದ್ಧೇಶ್ವರ ದೇವಸ್ಥಾನ, ಏಲಕ್ಕಿ ಮಾಲೆ. ಮಾಲೆ ಕೊಂಡರೆ ಮೆಣಸಿನಕಾಯಿ ಚೀಲದ ಪಕ್ಕ ಇಡಬೇಡಿ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಅಭಯಾರಣ್ಯ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಏನೂ ನೋಡಿದಂತಾಗುವುದಿಲ್ಲ.

ಊಟಕ್ಕೆ ಜೋಳದ ರೊಟ್ಟಿ ಸಿಗುವ ಖಾನಾವಳಿ ಹುಡುಕಿ. ಸೀಸನ್ನಿನಲ್ಲಿ ಹೋದರೆ ರಂಜಕ ಇದೆಯಾ ಕೇಳಿ. ಗಿಡದಲ್ಲೇ ಹಣ್ಣಾದ ಕೆಂಪು ಹಸಿಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ಹುಳಿ ಸೇರಿಸಿ ಅರೆದದ್ದು. ಬಿಸಿ ರೊಟ್ಟಿಗೆ ರಂಜಕ, ಮೇಲೆ ಒಂದು ಚಮಚ ಶೇಂಗಾ ಎಣ್ಣೆ. ನಮ್ಮವ್ವ ಅದರ ಜೊತೆ ಗಟ್ಟಿ ಮೊಸರು ಇಡುತ್ತಿದ್ದಳು. ಮೈಸೂರಿನವರು ಮೊಸರು ಮೊದಲೇ ಹೇಳಿಡಿ.

ಪ್ರಶ್ನೆ: ನಾನು ರೈತನ ಮಗ. ಅಪ್ಪನ ಜೊತೆ ಪ್ರತಿ ವರ್ಷ ಬ್ಯಾಡಗಿಗೆ ಮಾಲು ತರುತ್ತೇವೆ. ಹೋದ ವರ್ಷ ದರ ಬಿದ್ದು ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಯಾರೋ ಫೋಟೊ ತೆಗೆದು ಮೊಬೈಲಿನಲ್ಲಿ ಹರಿಯಬಿಟ್ಟರು. ಊರವರೆಲ್ಲ ನೋಡಿದರು. ನೀವು ಜನರನ್ನು ಪೇಟೆ ನೋಡಲು ಬನ್ನಿ ಎಂದು ಕರೆಯುತ್ತಿದ್ದೀರಿ. ಇಂಥವರಿಗೆ ಏನು ಹೇಳುತ್ತೀರಿ?
— ಒಬ್ಬ ಓದುಗ, ಕುಂದಗೋಳ ತಾಲ್ಲೂಕು

ಉತ್ತರ: ತಮ್ಮಾ, ನಿನ್ನ ಪತ್ರ ಎರಡು ದಿನ ಮೇಜಿನ ಮೇಲಿತ್ತು. ಉತ್ತರಕ್ಕಿಂತ ಮೊದಲು ಒಂದು ಒಪ್ಪಿಗೆ ಬರೆಯಬೇಕು.

ಒಂದು ಫೆಬ್ರುವರಿಯಲ್ಲಿ ನನ್ನ ಷಡ್ಡಕನ ಮಗ ಕ್ಯಾಮೆರಾ ತೂಗುಹಾಕಿಕೊಂಡು ಪೇಟೆ ನೋಡಲು ಬಂದ. ನಾನೇ ಕರೆದಿದ್ದೆ. ನಮ್ಮ ಅಂಗಡಿಯ ಮುಂದಿದ್ದ ಒಂದು ಲಾಟಿನ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಡಬ್ಬಿ ಕಾಯಿ, ಅಣ್ಣಿಗೇರಿ ಕಡೆಯ ಒಬ್ಬ ಅಜ್ಜನದು. ಹುಡುಗ ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಎರಡೂ ಬೊಗಸೆ ತುಂಬಾ ಕಾಯಿ ಎತ್ತಿ, ಮದುವೆಯಲ್ಲಿ ಅಕ್ಕಿಕಾಳು ಹಾಕಿದ ಹಾಗೆ ಮೇಲಕ್ಕೆ ತೂರಿದ. "ಈಗ ತೆಗೀರಿ ಅಂಕಲ್" ಎಂದ. ನಾನು ನಗುತ್ತಾ ತೆಗೆದೆ.

ಅಜ್ಜ ಏನೂ ಅನ್ನಲಿಲ್ಲ. ಅಂಗಡಿಯ ಗುಮಾಸ್ತನಿಗೆ ಏನನ್ನುವುದು? ನಾವು ಮುಗಿಸಿದ ಮೇಲೆ ಕುಕ್ಕರಗಾಲಲ್ಲಿ ಕೂತು, ಮಣ್ಣಿಗೆ ಬಿದ್ದ ಒಂದೊಂದು ಕಾಯಿಯನ್ನೂ ಆರಿಸಿ, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ರಾಶಿಗೆ ಹಾಕಿದರು. ಒಂದು ಕಾಯಿ ಹುಡುಗನ ಬೂಟಿನಡಿ ಸಿಕ್ಕು ಚಪ್ಪಟೆಯಾಗಿತ್ತು. ಅದನ್ನು ರಾಶಿಗೆ ಹಾಕದೆ ಅಂಗಿಯ ಜೇಬಿಗೆ ಹಾಕಿಕೊಂಡರು. "ಒಡದ ಕಾಯಿ ಕಂಡ್ರ ಅವ್ರು ದರಾ ಇಳಸ್ತಾರ್ರೀ" ಎಂದರು. ಸಿಟ್ಟಿನಿಂದ ಅಲ್ಲ, ಗೊತ್ತಿಲ್ಲದವನಿಗೆ ಹೇಳಿಕೊಟ್ಟ ಹಾಗೆ. ಅಷ್ಟು ವರ್ಷ ದರ ಬರೆದವನಿಗೆ!

ಆ ಫೋಟೊ ತೊಳೆಸಿದ ಮೇಲೆ ಹುಡುಗ ಒಂದು ಪ್ರತಿ ಕಳುಹಿಸಿದ್ದ. ತೂರಿದ ಕಾಯಿಗಳ ಹಿಂದೆ, ಅಂಚಿನಲ್ಲಿ, ಅಜ್ಜನ ಅರ್ಧ ಮುಖ ಬಂದಿದೆ. ನಾನು ಅದನ್ನು ಯಾರಿಗೂ ತೋರಿಸಿಲ್ಲ.

ಹಾಗಾಗಿ ನನ್ನ ಮಾತು ಕೇಳಿ ಪೇಟೆಗೆ ಹೋಗುವವರು ಇಷ್ಟು ಮಾಡಿ. ರಾಶಿಗೆ ಕೈ ಹಾಕುವ ಮೊದಲು ಕೇಳಿ. ಫೋಟೊ ತೆಗೆಯುವ ಮೊದಲು ಕೇಳಿ. ಟೆಂಡರ್ ಗೊತ್ತಾಗುವ ಹೊತ್ತಿನಲ್ಲಂತೂ ಕ್ಯಾಮೆರಾ ಒಳಗಿಡಿ. ಆಗ ರೈತನಿಗೆ ಬೇಕಾದ್ದು ಆ ಪಟ್ಟಿಯೊಂದೇ. ದರ ಚೆನ್ನಾಗಿ ಬಂದರೆ ಅವರೇ "ಬರ್ರಿ, ಚಾ ಕುಡಿಯೂಣು" ಎಂದು ಕರೆಯುತ್ತಾರೆ, ಬೇಕಾದಷ್ಟು ಫೋಟೊ ಕೊಡುತ್ತಾರೆ. ಬರದಿದ್ದರೆ ಎದ್ದು ಬನ್ನಿ.

ನಿನಗೆ ಹೇಳುವುದು: ನಿನ್ನಪ್ಪ "ಬ್ಯಾಡ್ರಿ" ಅನ್ನಲು ಸಂಕೋಚಪಟ್ಟರೆ ನೀನು ಅನ್ನು, ಜೋರಾಗಿಯೇ ಅನ್ನು. ಅಕ್ಕಪಕ್ಕದ ಲಾಟಿನವರು ನಿನ್ನ ಜೊತೆ ನಿಲ್ಲುತ್ತಾರೆ. ಹರಿಯಬಿಟ್ಟವರು ಯಾರೆಂದು ಗೊತ್ತಿದ್ದರೆ ತೆಗೆಯಲು ಕೇಳು. ಈ ವರ್ಷ ಬಂದಾಗ ನನಗೊಂದು ಪತ್ರ ಹಾಕು. ದಾವಣಗೆರೆಯಿಂದ ಬಸ್ಸು ಹತ್ತುತ್ತೇನೆ. ನಿಮ್ಮ ಲಾಟು ನೋಡಬೇಕು. ಕೇಳಿಯೇ ಮುಟ್ಟುತ್ತೇನೆ.

ಮುಂದಿನ ಸಲ ತಿಪಟೂರಿನ ಕೊಬ್ಬರಿ ಪೇಟೆ. ಪ್ರಶ್ನೆಗಳಿದ್ದರೆ ಕಳುಹಿಸಿ. ಅಲ್ಲಿ ಕರವಸ್ತ್ರ ಬೇಕಾಗುವುದಿಲ್ಲ.